ಕಬ್ಬಿಣದ ಮಾತ್ರೆ ನನಗೆ ಬೇಕಿರಲಿಲ್ಲ

ಮುಟ್ಟು ನಿಂತು ಮೂರು ವರ್ಷ ಕಳೆದ ಮೇಲೆ ನನ್ನ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳು ಎಷ್ಟು ನೋಯತೊಡಗಿದವೆಂದರೆ, ಮೆಟ್ಟುಕತ್ತಿಯಲ್ಲಿ ಕುಳಿತು ಅರ್ಧ ತೆಂಗಿನಕಾಯಿ ತುರಿಯಲೂ ಆಗುತ್ತಿರಲಿಲ್ಲ. ಜೊತೆಗೆ ಎಷ್ಟು ಮಲಗಿದರೂ ಹೋಗದ ಸುಸ್ತು. ಮೊದಲು ನೋಡಿದ ವೈದ್ಯರು ರಕ್ತಹೀನತೆಯೆಂದು ಊಹಿಸಿ, ರಕ್ತಪರೀಕ್ಷೆ ಮಾಡಿಸದೆಯೇ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನಾಲ್ಕು ತಿಂಗಳು ನುಂಗಿದೆ. ಆ ನಾಲ್ಕು ತಿಂಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ದೇಹದಲ್ಲಿ ಶೇಖರವಾದ ಕಬ್ಬಿಣವನ್ನು ಸೂಚಿಸುವ ಫೆರಿಟಿನ್ ಬಹಳ ಹೆಚ್ಚಾಗಿ, 1,460 ಇತ್ತು, ಶೇ. 45 ದಾಟಿದರೇ ಅನುಮಾನಿಸಬೇಕಾದ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆಯೆಂಬ ಲೆಕ್ಕ) ಶೇ. 84 ಇತ್ತು. ರಕ್ತಹೀನತೆಯಲ್ಲ, ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಹಿಮೋಕ್ರೊಮಾಟೋಸಿಸ್ ಎಂಬ ಆನುವಂಶಿಕ ಕಾಯಿಲೆ ನನ್ನದು. ಹೆಚ್ಚಾದ ಕಬ್ಬಿಣಾಂಶವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿಗೆ ‘ಸಾಕು’ ಎಂದು ಹೇಳಬೇಕು, ಅದು ಕಡಿಮೆಯಾದರೆ ಕರುಳು ಹೀರುತ್ತಲೇ ಇರುತ್ತದೆ, ಹೀರಿದ್ದು ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿ, ಗಂಟುಗಳಲ್ಲಿ ಶೇಖರವಾಗುತ್ತದೆ. ಅಷ್ಟು ವರ್ಷ ನನ್ನನ್ನು ತಕ್ಕಮಟ್ಟಿಗೆ ಕಾಪಾಡಿದ್ದು ತಿಂಗಳ ಮುಟ್ಟು. ಈ ಕಾಯಿಲೆ ತರುವ, ಯುರೋಪಿನವರಲ್ಲಿ ಹೆಚ್ಚಾಗಿ ಕಾಣುವ ಸಿ282ವೈ ಎಂಬ ಜೀನ್ ದೋಷ ಭಾರತೀಯರಲ್ಲಿ ಬಹಳ ಅಪರೂಪವಾದ್ದರಿಂದ ಆ ಒಂದು ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ಸುಮ್ಮನಾಗಬಾರದು. ನನಗೂ ಅದರಲ್ಲಿ ಏನೂ ಸಿಗಲಿಲ್ಲ. ದೋಷವಿದ್ದದ್ದು ಟಿಎಫ್‌ಆರ್2 ಎಂಬ ಜೀನ್‌ನಲ್ಲಿ, ಸೋದರಸಂಬಂಧದಲ್ಲಿ ಮದುವೆಯಾಗಿದ್ದ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು.

ಚಿಕಿತ್ಸೆಯೆಂದರೆ ರಕ್ತ ತೆಗೆಸುವುದು. ಉಡುಪಿಯಲ್ಲಿ 15 ದಿನಕ್ಕೊಮ್ಮೆ, ಹಿಮೋಗ್ಲೋಬಿನ್ ನೋಡಿಕೊಂಡು, 450 ಮಿ.ಲೀ. ತೆಗೆಯುತ್ತಿದ್ದರು; ಪ್ರತಿ ಸಲ ಸುಮಾರು 200ರಿಂದ 250 ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. ತೂಗುವ ಯಂತ್ರದ ಮೇಲೆ ಚೀಲವು ತೊಟ್ಟಿಲಿನಂತೆ ಆಡುತ್ತಾ, ಪುನರ್ಪುಳಿ ಸಾರಿಗಿಂತ ದಟ್ಟವಾಗಿ ತುಂಬುವುದನ್ನು ನೋಡುತ್ತಾ ಮಲಗಿರುತ್ತಿದ್ದೆ. ಹಿಂದಿನ ದಿನವೇ ಚೆನ್ನಾಗಿ ನೀರು ಕುಡಿದು, ಬೆಳಿಗ್ಗೆ ಗಂಜಿ ಉಂಡು ಹೋದರೆ ತಲೆ ತಿರುಗುವುದಿಲ್ಲವೆಂದು ಎರಡನೆಯ ಸಲವೇ ಕಲಿತೆ. ಫೆರಿಟಿನ್ 50ರ ಆಸುಪಾಸಿಗೆ ಇಳಿಯಲು 28 ಸಲ ಬೇಕಾಯಿತು. ಈಗ ವರ್ಷಕ್ಕೆ ಮೂರು ಸಲ ಸಾಕು. ಸುಸ್ತು ಹೋಯಿತು, ಗೆಣ್ಣಿನ ನೋವು ಪೂರ್ತಿ ಹೋಗಲಿಲ್ಲ.

ಊಟದ ಪಥ್ಯದಿಂದಲೇ ಕಬ್ಬಿಣ ಇಳಿಯುತ್ತದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬಸಳೆ, ಹರಿವೆ ನಾನು ಬಿಟ್ಟಿಲ್ಲ. ಕಬ್ಬಿಣದ ಹೀರಿಕೆ ಹೆಚ್ಚಿಸುವ ವಿಟಮಿನ್ ಸಿ ಮಾತ್ರೆ ಬಿಟ್ಟೆ, ಅದನ್ನು ತಗ್ಗಿಸುವ ಚಹಾವನ್ನು ಊಟದ ಜೊತೆಗೇ ಕುಡಿಯುತ್ತೇನೆ, ಮರುವಾಯಿ (ಚಿಪ್ಪುಮೀನು) ಸುಕ್ಕ ಅಪರೂಪಕ್ಕೆ ಮಾತ್ರ. ಆದರೆ ಸಮುದ್ರದ ಚಿಪ್ಪುಮೀನನ್ನು ಹಸಿಯಾಗಿ ಅಥವಾ ಅರೆಬೇಯಿಸಿ ತಿನ್ನುವುದು ನಮ್ಮಂಥವರಿಗೆ ಪ್ರಾಣಾಪಾಯ, ಏಕೆಂದರೆ ಅದರಲ್ಲಿರಬಹುದಾದ ವಿಬ್ರಿಯೊ ವಲ್ನಿಫಿಕಸ್ ಬ್ಯಾಕ್ಟೀರಿಯಾ ಕಬ್ಬಿಣ ತುಂಬಿದ ರಕ್ತದಲ್ಲಿ ಬಹುಬೇಗ ಬೆಳೆಯುತ್ತದೆ.

ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಇದೇ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಇದೆ. ಕುಂದಾಪುರದ ತಮ್ಮನನ್ನು ಪರೀಕ್ಷೆಗೆ ಒಪ್ಪಿಸಲು ಏಳು ತಿಂಗಳು ಹಿಡಿಯಿತು. ಅವನ ಫೆರಿಟಿನ್ 2,100 ದಾಟಿತ್ತು, ಸಕ್ಕರೆ ಕಾಯಿಲೆ ಆಗಲೇ ಶುರುವಾಗಿತ್ತು. ಈಗ 15 ದಿನಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬರುತ್ತಾನೆ, ನಾನು ಗಂಜಿ ಮಾಡಿಟ್ಟಿರುತ್ತೇನೆ.