ಅಮೆರಿಕದ ಅಧ್ಯಕ್ಷ ಅಭ್ಯರ್ಥಿಯನ್ನು ತೂಗುವ ಬಗೆ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ನಾವು ಎರಕ ಹೊಯ್ಯುವ ಪಂಪ್ ಹೌಸಿಂಗ್‌ಗಳಲ್ಲಿ ದೊಡ್ಡ ಪಾಲು ನ್ಹಾವಾ ಶೇವಾ ಬಂದರಿನಿಂದ ಅಮೆರಿಕಕ್ಕೆ ಹೋಗುತ್ತದೆ. ತಂಗಿ ಮಿಶಿಗನ್ ರಾಜ್ಯದಲ್ಲಿದ್ದಾಳೆ, ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಹೀಗಾಗಿ ಅಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ನಮ್ಮಿಬ್ಬರ ಫೋನಿನ ಮಾತು ಬೇರೆ ಕಡೆ ಹೊರಳುವುದೇ ಇಲ್ಲ. ಅವಳದು ಒಂದೇ ಮಾತು: "ಯಾರಿಗ್ ಹಾಕ್ಲಿ ಅಂತ ಹೇಳಬ್ಯಾಡ. ಹೆಂಗ್ ನೋಡಬೇಕು ಅಷ್ಟ ಹೇಳು." ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಲ್ಲಿಯ ಮತದಾರರು. ಓಟಿಲ್ಲದಿದ್ದರೂ ಅದರ ಫಲ ಉಣ್ಣುವವರು ಇಲ್ಲಿ ಇನ್ನೂ ಹೆಚ್ಚು. ಇಬ್ಬರಿಗೂ ಇದು ಉಪಯೋಗಕ್ಕೆ ಬರಲಿ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಅಭ್ಯರ್ಥಿಗಳ ಹೆಸರು ಈಗಲೇ ಬರೆಯಬೇಡಿ. ಮುಂದಿನ ನಾಲ್ಕು ವರ್ಷದಲ್ಲಿ ನಿಮ್ಮ ಮನೆಗೆ ನಿಜವಾಗಿ ತಟ್ಟುವ ವಿಷಯಗಳನ್ನಷ್ಟೇ ಬರೆಯಿರಿ. ತಂಗಿಯ ಹಾಳೆಯಲ್ಲಿ ಆರೋಗ್ಯ ವಿಮೆ, ಮನೆ ಸಾಲದ ಬಡ್ಡಿ, ಮಕ್ಕಳ ಶಾಲೆ, ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಹೋಗಿ ಕಾಯಂ ವಾಸದ ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಮೈದುನ ಇದ್ದರು. ನನ್ನದರಲ್ಲಿ ಎಲ್ಲಕ್ಕಿಂತ ಮೇಲೆ ಸುಂಕ. ಈ ಹಾಳೆಯನ್ನು ಪ್ರಚಾರ ಕಾವೇರುವ ಮೊದಲೇ ಬರೆದಿಡಬೇಕು. ಭಾಷಣ ಕೇಳಿದ ಮೇಲೆ ಬರೆಯಲು ಕೂತರೆ ನಿಮ್ಮ ಚಿಂತೆಗಳ ಜಾಗದಲ್ಲಿ ಅಭ್ಯರ್ಥಿಯ ಘೋಷಣೆಗಳು ಬಂದು ಕೂತಿರುತ್ತವೆ.

ಇನ್ನು ಮುಖ್ಯ ಕೆಲಸ. ಅಭ್ಯರ್ಥಿ ಕೊಡುವ ಪ್ರತಿ ಭರವಸೆಗೂ ಒಂದೇ ಪ್ರಶ್ನೆ ಹಾಕಿ: ಇದು ಆ ಕುರ್ಚಿಯ ಕೈಯಲ್ಲಿದೆಯೇ? ಅಮೆರಿಕದ ಅಧ್ಯಕ್ಷ ಎಂದರೆ ಮನಸ್ಸಿಗೆ ಬಂದದ್ದೆಲ್ಲ ಮಾಡಬಲ್ಲವನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಕೆಲವು ವಿಷಯದಲ್ಲಿ ಒಂದು ಸಹಿಯಿಂದ ಜಗತ್ತನ್ನೇ ಅಲುಗಿಸಬಹುದು, ಕೆಲವು ವಿಷಯದಲ್ಲಿ ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಷ್ಟೂ ಕೈ ಓಡುವುದಿಲ್ಲ. ಹಾಳೆಯಲ್ಲಿ ಮೂರು ಕಾಲಂ ಗೀಚಿ: ಸಹಿ ಸಾಕು, ಕಾಂಗ್ರೆಸ್ ಬೇಕು, ಬೇರೆಯವರ ಕೈಯಲ್ಲಿದೆ. ಕಾಂಗ್ರೆಸ್ ಎಂದರೆ ಅಲ್ಲಿಯ ಸಂಸತ್ತು: ಮೇಲ್ಮನೆ ಸೆನೆಟ್, ಕೆಳಮನೆ ಪ್ರತಿನಿಧಿ ಸಭೆ.

ಸಹಿ ಸಾಕು ಎನ್ನುವ ಕಾಲಂನಲ್ಲಿ ಸುಂಕ ಬರುತ್ತದೆ. ಸುಂಕ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ಕಾಂಗ್ರೆಸ್ಸಿನದೇ. ಆದರೆ 1962ರ ವ್ಯಾಪಾರ ಕಾನೂನಿನಂಥವುಗಳ ಮೂಲಕ ಅದರಲ್ಲಿ ಸಾಕಷ್ಟನ್ನು ಅಧ್ಯಕ್ಷರಿಗೆ ಬಿಟ್ಟುಕೊಟ್ಟಿದೆ. 2024ರ ಪ್ರಚಾರದಲ್ಲಿ ಟ್ರಂಪ್ ಇದನ್ನು ಬಚ್ಚಿಟ್ಟಿರಲಿಲ್ಲ. ಎಲ್ಲ ದೇಶಗಳ ಸರಕಿನ ಮೇಲೂ ಶೇ 10ರಿಂದ 20, ಚೀನಾದ ಮೇಲೆ ಶೇ 60 ಎಂದು ಊರೂರಲ್ಲಿ ಹೇಳಿದ್ದರು. "ಎಲೆಕ್ಷನ್ ಮಾತು, ಬಿಡ್ರಿ" ಎಂದು ಇಲ್ಲಿ ಬಹಳ ಜನ ತಳ್ಳಿಹಾಕಿದರು. 2025ರ ಜೂನ್‌ನಲ್ಲಿ ಉಕ್ಕು, ಅಲ್ಯೂಮಿನಿಯಂ ಮೇಲಿನ ಸುಂಕ ಶೇ 50ಕ್ಕೆ ಏರಿತು. ಆಗಸ್ಟ್ 27ರಿಂದ, ರಷ್ಯಾದ ತೈಲ ಕೊಳ್ಳುವುದಕ್ಕೆಂದು ಹಾಕಿದ್ದೂ ಸೇರಿ, ಭಾರತದ ಬಹಳಷ್ಟು ಸರಕಿನ ಮೇಲೆ ಒಟ್ಟು ಶೇ 50 ಬಿತ್ತು. ಆ ವಾರ ನಮ್ಮ ಒಬ್ಬ ಖರೀದಿದಾರರಿಂದ ಎರಡೇ ಸಾಲಿನ ಮೇಲ್ ಬಂತು: ಸದ್ಯ ಲೋಡ್ ಮಾಡಬೇಡಿ. ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಕಪ್ಪು ಬಣ್ಣದಲ್ಲಿ ಬಂದರಿನ ಹೆಸರು ಬರೆದಿಟ್ಟಿದ್ದ ಕಟ್ಟಿಗೆ ಪೆಟ್ಟಿಗೆಗಳು ಶೆಡ್ಡಿನಲ್ಲೇ ಸಾಲಾಗಿ ನಿಂತವು. ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳಿಗೆ ಓವರ್‌ಟೈಮ್ ನಿಂತಿತು. ಈ ಸುಂಕಗಳಲ್ಲಿ ಕೆಲವಕ್ಕೆ ಆಧಾರವಾದ 1977ರ ತುರ್ತು ಕಾನೂನು ಅಷ್ಟು ಅಧಿಕಾರ ಕೊಡುತ್ತದೆಯೇ ಎಂಬ ಪ್ರಶ್ನೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ಕೋರ್ಟು ಕೇಳುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ, ಸಂಬಳ ತಿಂಗಳಿಗೊಮ್ಮೆ ಕೊಡಬೇಕು.

ಆದ್ದರಿಂದ ಈ ಕಾಲಂನಲ್ಲಿ ಬರುವ ಭರವಸೆಗಳನ್ನು ಅಕ್ಷರಶಃ ನಂಬಿ, ಎರಡು ಪಟ್ಟು ತೂಕ ಕೊಡಿ. ವಿದೇಶಾಂಗ ನೀತಿ, ಸೈನ್ಯದ ನಿಯೋಜನೆ, ಕ್ಷಮಾದಾನ, ವೀಟೊ (ಕಾಂಗ್ರೆಸ್ ಒಪ್ಪಿದ ಮಸೂದೆಯನ್ನು ತಡೆಯುವುದು), ಬಹುಪಾಲು ವೀಸಾ ನಿಯಮಗಳು ಇಲ್ಲಿಗೇ ಸೇರುತ್ತವೆ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತಲ್ಲ, ಅದಕ್ಕೂ ಸಂಸತ್ತಿನಲ್ಲಿ ಮತದಾನ ನಡೆದಿರಲಿಲ್ಲ. ಒಂದು ಘೋಷಣಾ ಪತ್ರ, ಒಂದು ಸಹಿ.

ಎರಡನೆಯ ಕಾಲಂ ಕಾಂಗ್ರೆಸ್ಸಿನದು. ತೆರಿಗೆ, ಬಜೆಟ್, ಹೊಸ ಕಾನೂನು, ಆರೋಗ್ಯ ವಿಮೆಯ ಚೌಕಟ್ಟು. ಸೆನೆಟ್‌ನ 100 ಮಂದಿಯಲ್ಲಿ ಸಾಮಾನ್ಯವಾಗಿ 60 ಮಂದಿ ಒಪ್ಪದೆ ದೊಡ್ಡ ಮಸೂದೆ ಮುಂದಕ್ಕೆ ಸರಿಯುವುದೇ ಇಲ್ಲ. ಬಜೆಟ್ಟಿಗೆ ಸಂಬಂಧಿಸಿದ ಕೆಲವಕ್ಕೆ ಸರಳ ಬಹುಮತ ಸಾಕು, ಆದರೂ ಖಾತ್ರಿ ಇಲ್ಲ. ಒಬಾಮಾ ಕಾಲದ ಆರೋಗ್ಯ ಕಾನೂನನ್ನು ಕಿತ್ತುಹಾಕುತ್ತೇನೆಂದು ಟ್ರಂಪ್ 2016ರಲ್ಲಿ ಗೆದ್ದರು. ಎರಡೂ ಸದನ ಅವರ ಪಕ್ಷದ ಕೈಯಲ್ಲಿತ್ತು. ಆದರೂ ಅದಕ್ಕಾಗಿ ತಂದ ಮಸೂದೆ 2017ರ ಜುಲೈ 28ರಂದು ಸೆನೆಟ್‌ನಲ್ಲಿ 49-51ರಿಂದ ಬಿದ್ದುಹೋಯಿತು. ಅವರದೇ ಪಕ್ಷದ ಮೂವರು ವಿರುದ್ಧ ಮತ ಹಾಕಿದ್ದರು. ಕ್ಯೂಬಾದಲ್ಲಿರುವ ಅಮೆರಿಕ ಸೈನ್ಯದ ಗ್ವಾಂಟನಾಮೊ ಜೈಲನ್ನು ಒಂದು ವರ್ಷದಲ್ಲಿ ಮುಚ್ಚಬೇಕೆಂದು ಒಬಾಮಾ ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ, 2009ರ ಜನವರಿ 22ರಂದು, ಆದೇಶಕ್ಕೆ ಸಹಿ ಹಾಕಿದರು. ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಕಾಂಗ್ರೆಸ್ ಹಣ ಬಿಡಲಿಲ್ಲ. ಎಂಟು ವರ್ಷ ಕುರ್ಚಿಯಲ್ಲಿದ್ದರೂ ಜೈಲು ಮುಚ್ಚಲಿಲ್ಲ. ಇಬ್ಬರೂ ಬೇರೆ ಬೇರೆ ಪಕ್ಷದವರು ಎಂಬುದನ್ನು ಗಮನಿಸಿ.

ನಮ್ಮವರಿಗೆ ಬಹಳ ಬೇಕಾದ ಗ್ರೀನ್ ಕಾರ್ಡ್ ಕೂಡ ಇದೇ ಕಾಲಂನದು. ಒಂದು ದೇಶದವರಿಗೆ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಕಾನೂನಿನಲ್ಲೇ ಇದೆ. ಅದನ್ನು ಕಾಂಗ್ರೆಸ್ ಮಾತ್ರ ಬದಲಿಸಬಲ್ಲದು. 2024ರ ಜೂನ್‌ನಲ್ಲಿ ಟ್ರಂಪ್ ಒಂದು ಪಾಡ್‌ಕಾಸ್ಟ್‌ನಲ್ಲಿ, ಅಲ್ಲಿಯ ಕಾಲೇಜಿನಲ್ಲಿ ಪದವಿ ಪಡೆದವರಿಗೆ ಪದವಿಯ ಜೊತೆಗೇ ಗ್ರೀನ್ ಕಾರ್ಡ್ ಸಿಗಬೇಕು ಎಂದಾಗ ನಮ್ಮ ಎಷ್ಟೋ ಮನೆಗಳಲ್ಲಿ ಪೇಢಾ ಹಂಚುವುದೊಂದು ಬಾಕಿ. ಯಾವ ಪಕ್ಷದ ಅಭ್ಯರ್ಥಿಯೇ ಇಂಥ ಮಾತಾಡಲಿ, ಅವರು ಅದಕ್ಕೆ ಯಾವ ಮಸೂದೆ ತರುತ್ತಾರೆ, ಸದನದಲ್ಲಿ ಎಷ್ಟು ಸ್ಥಾನ ಸಿಗುವ ಲಕ್ಷಣವಿದೆ ಎಂದು ನೋಡುವವರೆಗೆ ಅದಕ್ಕೆ ಅರ್ಧ ತೂಕವೂ ಬೇಡ. "ಇದಕ್ಕೆ ಕಾಂಗ್ರೆಸ್ ಒಪ್ಪಿಗೆ ಬೇಕು, ಹೀಗೆ ಪಡೆಯುತ್ತೇನೆ" ಎಂದು ತಾನಾಗಿ ಹೇಳುವ ಅಭ್ಯರ್ಥಿ ಸಿಕ್ಕರೆ, ನಿಮಗೆ ಅವರ ನೀತಿ ಹಿಡಿಸದಿದ್ದರೂ, ಆ ಪ್ರಾಮಾಣಿಕತೆಗೆ ಒಂದು ಅಂಕ ಕೊಡಿ. ಅಂಥವರು ಅಪರೂಪ.

ಮೂರನೆಯ ಕಾಲಂನಲ್ಲಿ ಕೋರ್ಟು, ರಾಜ್ಯಗಳು ಮತ್ತು ಫೆಡರಲ್ ರಿಸರ್ವ್, ಅಂದರೆ ಅಲ್ಲಿಯ ಕೇಂದ್ರ ಬ್ಯಾಂಕು. ಸಾಲದ ಬಡ್ಡಿ ಇಳಿಸುತ್ತೇನೆ ಎಂದರೆ, ಅದು ಫೆಡರಲ್ ರಿಸರ್ವ್‌ನ ಕೆಲಸ. ಅಧ್ಯಕ್ಷರು ಅದರ ಮುಖ್ಯಸ್ಥರನ್ನು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು, ದರ ಗೊತ್ತು ಮಾಡುವುದು ಸಮಿತಿ. ಶಾಲೆಗಳು ಹೆಚ್ಚಾಗಿ ರಾಜ್ಯ ಮತ್ತು ಸ್ಥಳೀಯ ಮಂಡಳಿಗಳ ಹೊಣೆ. ಬೈಡನ್ 2022ರ ಆಗಸ್ಟ್‌ನಲ್ಲಿ ಘೋಷಿಸಿದ ವಿದ್ಯಾರ್ಥಿ ಸಾಲಮನ್ನಾ ಯೋಜನೆಯ ಅಂದಾಜು ವೆಚ್ಚ 40,000 ಕೋಟಿ ಡಾಲರ್. 2023ರ ಜೂನ್ 30ರಂದು ಸುಪ್ರೀಂ ಕೋರ್ಟು 6-3ರಿಂದ ಅದನ್ನು ರದ್ದು ಮಾಡಿತು. ಆ ಕೋರ್ಟಿನ ನ್ಯಾಯಮೂರ್ತಿಗಳು ಜೀವನಪರ್ಯಂತ ಇರುತ್ತಾರೆ, ಅವರನ್ನು ಹೆಸರಿಸುವುದು ಮಾತ್ರ ಅಧ್ಯಕ್ಷರೇ. ಹಾಗಾಗಿ ಅಭ್ಯರ್ಥಿ ಎಂಥವರನ್ನು ನ್ಯಾಯಮೂರ್ತಿ ಮಾಡುತ್ತೇನೆ ಎನ್ನುತ್ತಾರೆ ಎಂಬುದನ್ನು ಮೊದಲ ಕಾಲಂನಲ್ಲೇ ಬರೆದುಕೊಳ್ಳಿ. ನಾಲ್ಕು ವರ್ಷದ ಓಟು ಮೂವತ್ತು ವರ್ಷ ಕೆಲಸ ಮಾಡುವ ಜಾಗ ಅದು.

ಕಾಲಂ ತುಂಬಿದ ಮೇಲೆ ಅಭ್ಯರ್ಥಿಯ ಹಿಂದಿನ ಕೆಲಸ. ನಮ್ಮಲ್ಲಿ ಆಸ್ತಿ, ಸಾಲ, ವಿದ್ಯೆ, ಪೊಲೀಸ್ ಪ್ರಕರಣ ಎಲ್ಲವೂ ಒಂದೇ ಅಫಿಡವಿಟ್‌ನಲ್ಲಿ ಸಿಗುತ್ತವೆ. ಅಮೆರಿಕದಲ್ಲಿ ಅಂಥ ಒಂದೇ ಕಾಗದವಿಲ್ಲ. ಹಣಕಾಸಿನ ವಿವರವನ್ನು ಇಷ್ಟರಿಂದ ಇಷ್ಟರೊಳಗೆ ಎಂಬ ಅಂದಾಜಿನಲ್ಲಿ ಕೊಟ್ಟರೆ ಸಾಕು, ಆದಾಯ ತೆರಿಗೆ ಪತ್ರ ತೋರಿಸಲೇಬೇಕೆಂಬ ಕಾನೂನು ಇಲ್ಲ. ಪ್ರಚಾರಕ್ಕೆ ಹಣ ಕೊಟ್ಟವರ ಪಟ್ಟಿ ಫೆಡರಲ್ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಸೆನೆಟರ್ ಆಗಿದ್ದವರು ಹೆಸರು ಕೂಗಿ ನಡೆಸಿದ ಮತದಾನದಲ್ಲಿ ಹಾಕಿದ ಪ್ರತಿ ಮತವೂ ದಾಖಲಾಗಿರುತ್ತದೆ. ರಾಜ್ಯಪಾಲರು ಅಲ್ಲಿ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳಿದ್ದಂತೆ. ಅವರು ಸಹಿ ಹಾಕಿದ, ವೀಟೊ ಮಾಡಿದ ಮಸೂದೆಗಳನ್ನು ನೋಡಿ.

ದಾಖಲೆ ಓದುವಾಗ ಒಂದು ಎಚ್ಚರ. 2003ರಲ್ಲಿ ಇರಾಕ್, ಅಫ್ಗಾನಿಸ್ತಾನದ ಯುದ್ಧಕ್ಕೆ 8,700 ಕೋಟಿ ಡಾಲರ್ ಕೊಡುವ ಮಸೂದೆಗೆ ಮುಂದಿನ ವರ್ಷ ಬುಷ್ ಎದುರು ಅಧ್ಯಕ್ಷ ಅಭ್ಯರ್ಥಿಯಾದ ಸೆನೆಟರ್ ಜಾನ್ ಕೆರಿ ವಿರುದ್ಧವಾಗಿ ಮತ ಹಾಕಿದರು. ಅದಕ್ಕೂ ಮೊದಲು, ಶ್ರೀಮಂತರ ತೆರಿಗೆ ರಿಯಾಯಿತಿ ಕಡಿಮೆ ಮಾಡಿ ಅದೇ ಹಣ ಹೊಂದಿಸುವ ಇನ್ನೊಂದು ಪ್ರಸ್ತಾಪವನ್ನು ಬೆಂಬಲಿಸಿದ್ದರು. 2004ರಲ್ಲಿ "ವಿರುದ್ಧ ಹಾಕುವ ಮೊದಲು ಪರವಾಗಿ ಹಾಕಿದ್ದೆ" ಎಂಬ ಅರ್ಥದ ಅವರ ಮಾತನ್ನು ಬುಷ್ ಪಾಳಯ ಜಾಹೀರಾತು ಮಾಡಿ ದೇಶವಿಡೀ ತೋರಿಸಿತು. ಎರಡೂ ಮತಗಳ ಹಿಂದೆ ಏನಿತ್ತು ಎಂದು ಓದಿದವರಿಗೆ ಅದು ಬರೀ ಗೊಂದಲವಾಗಿ ಕಾಣುವುದಿಲ್ಲ. ಒಪ್ಪುವುದು ಬಿಡುವುದು ಆಮೇಲೆ. ಎರಕ ತಣ್ಣಗಾದ ಮೇಲೆ ನಮ್ಮ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ ನಾದ ಕೇಳುತ್ತಾರೆ, ಬಿರುಕಿದ್ದರೆ ಸದ್ದು ಬೇರೆ. ಜಾಹೀರಾತಿನಲ್ಲಿ ಬಂದ ಪ್ರತಿ ಆರೋಪವನ್ನೂ ಹಾಗೆ ತಟ್ಟಿ ನೋಡಬೇಕು: ಯಾವ ಮಸೂದೆ, ಯಾವ ತಾರೀಖು, ಅದರಲ್ಲಿ ಇನ್ನೇನು ಸೇರಿತ್ತು.

ಉಪಾಧ್ಯಕ್ಷ ಅಭ್ಯರ್ಥಿಯನ್ನು ಜನ ಬಹಳ ಹಗುರವಾಗಿ ನೋಡುತ್ತಾರೆ. ಅಧ್ಯಕ್ಷರ ಸಾವು ಅಥವಾ ರಾಜೀನಾಮೆಯಿಂದ ಈವರೆಗೆ 9 ಉಪಾಧ್ಯಕ್ಷರು ಆ ಕುರ್ಚಿ ಏರಿದ್ದಾರೆ. ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿ ಮೂರು ತಿಂಗಳೂ ಆಗಿರಲಿಲ್ಲ, 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಅಣುಬಾಂಬಿನ ಪೂರ್ಣ ವಿವರ ಟ್ರೂಮನ್‌ಗೆ ಗೊತ್ತಾದದ್ದೇ ಅಧ್ಯಕ್ಷರಾದ ಮೇಲೆ. ಆಗಸ್ಟ್‌ನಲ್ಲಿ ಹಿರೋಶಿಮಾ. ಅಭ್ಯರ್ಥಿಯ ವಯಸ್ಸು ಎಪ್ಪತ್ತು ದಾಟಿದ್ದರಂತೂ ಆ ಎರಡನೆಯ ಹೆಸರಿಗೂ ಒಂದು ಪೂರ್ತಿ ಹಾಳೆ ಮೀಸಲಿಡಿ.

"ನಮ್ಮವರು" ಎಂಬ ಮಾತಿಗೆ ನಾನು ತೂಕ ಕೊಡುವುದಿಲ್ಲ. 2024ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾಗಿದ್ದ ಕಮಲಾ ಹ್ಯಾರಿಸ್ ಅವರ ತಾಯಿಯ ಕಡೆಯ ಊರು ತಮಿಳುನಾಡಿನ ತುಳಸೇಂದ್ರಪುರಂನಲ್ಲಿ ಪೂಜೆ ನಡೆಯಿತು, ಅದೇ ವರ್ಷ ರಿಪಬ್ಲಿಕನ್ ಟಿಕೆಟ್ಟಿಗೆ ಸ್ಪರ್ಧಿಸಿದ್ದ ನಿಕ್ಕಿ ಹೇಲಿ ಅವರ ತಂದೆತಾಯಿ ಪಂಜಾಬಿನಿಂದ ಹೋದವರು. ನಮ್ಮ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಿಂದ ಅಲ್ಲಿಯ ಪ್ರತಿನಿಧಿ ಸಭೆಯಲ್ಲಿದ್ದಾರೆ, ಅದೂ ತಂಗಿಯ ಮಿಶಿಗನ್‌ನಿಂದಲೇ. ಹೆಮ್ಮೆ ಪಡಿ, ನಾನೂ ಪಡುತ್ತೇನೆ. (ಅವರು ಅಧ್ಯಕ್ಷರಾಗುವಂತಿಲ್ಲ. ಹುಟ್ಟಿನಿಂದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ವಾಸವಿರಬೇಕು ಎಂಬುದು ಸಂವಿಧಾನದ ನಿಯಮ.) ಆದರೆ ಅವರೆಲ್ಲ ಅಲ್ಲಿಯ ಮತದಾರರಿಗೆ ಉತ್ತರ ಹೇಳಬೇಕಾದವರು, ನಮಗಲ್ಲ. ಅವರು ನಮ್ಮ ಮೇಲೆ ಮಮತೆ ತೋರಲಿ ಎಂದು ಬಯಸುವುದೇ ಅವರ ಮತದಾರರಿಗೆ ಮಾಡುವ ಅನ್ಯಾಯ.

ಚರ್ಚೆಗಳನ್ನು ನೋಡುವುದಕ್ಕಿಂತ ಓದಿ. 2024ರ ಸೆಪ್ಟೆಂಬರ್‌ನ ಟ್ರಂಪ್–ಹ್ಯಾರಿಸ್ ಚರ್ಚೆ ನಮಗೆ ಬೆಳಗಿನ ಆರೂವರೆಗೆ. ನಾನು ಟಿವಿ ಹಚ್ಚಲಿಲ್ಲ, ಸಂಜೆ ಅದರ ಪೂರ್ಣ ಬರಹರೂಪ ಓದಿದೆ. ಯಾರು ಹೇಗೆ ನಕ್ಕರು, ಯಾರು ಬೆವೆತರು ಎಂಬುದೆಲ್ಲ ಕಳಚಿಬಿದ್ದು, ಕೇಳಿದ ಪ್ರಶ್ನೆಗೆ ಉತ್ತರ ಬಂತೇ ಎಂಬುದಷ್ಟೇ ಉಳಿಯುತ್ತದೆ. ವಯಸ್ಸು, ಆರೋಗ್ಯದ ಪ್ರಶ್ನೆ ಇದ್ದರೆ ಮಾತ್ರ ಕಣ್ಣಾರೆ ನೋಡಬೇಕು. ಅದೇ ವರ್ಷದ ಜೂನ್ 27ರ ಚರ್ಚೆಯಾದ ಒಂದು ತಿಂಗಳೊಳಗೆ ಬೈಡನ್ ಕಣದಿಂದ ಹಿಂದೆ ಸರಿದರು.

ಕೊನೆಗೆ ಲೆಕ್ಕ. ದೇಶದ ಒಟ್ಟು ಓಟು ಗೆಲ್ಲಿಸುವುದಿಲ್ಲ, ರಾಜ್ಯವಾರು ಗೆದ್ದುಬಂದು ಅಧ್ಯಕ್ಷರನ್ನು ಆರಿಸುವ 538 ಎಲೆಕ್ಟರ್‌ಗಳಲ್ಲಿ 270 ಬೇಕು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಓಟು ಮುಂದಿದ್ದು ಸೋತರು. ಆ ವರ್ಷ ಮಿಶಿಗನ್‌ನಲ್ಲಿ ಟ್ರಂಪ್ ಗೆದ್ದ ಅಂತರ ಬರೀ 10,704, ಅಲ್ಲಿ ಗ್ರೀನ್ ಪಕ್ಷಕ್ಕೆ ಬಿದ್ದದ್ದು 51 ಸಾವಿರಕ್ಕೂ ಹೆಚ್ಚು. ನೀವು ಇರುವ ರಾಜ್ಯ ಎತ್ತ ಬೇಕಾದರೂ ವಾಲುವಂಥದ್ದಾದರೆ, ಮೂರನೆಯ ಅಭ್ಯರ್ಥಿಗೆ ಹಾಕುವ ಮುನ್ನ, ಉಳಿದಿಬ್ಬರಲ್ಲಿ ಯಾರು ಬಂದರೂ ತನಗೆ ಒಂದೇ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲೆನೇ ಎಂದು ಕೇಳಿಕೊಳ್ಳಿ. ಒಂದೇ ಪಕ್ಷ ಸದಾ ಗೆಲ್ಲುವ ರಾಜ್ಯದಲ್ಲಿದ್ದರೆ ನಿಮ್ಮ ನಿಜವಾದ ಆಯ್ಕೆ ಆ ವರ್ಷದ ಮೊದಲರ್ಧದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಮತದಾನದಲ್ಲೇ ಇದೆ. ಪೆನ್ಸಿಲ್ವೇನಿಯಾದಂಥ ಕಡೆ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗಷ್ಟೇ ಪ್ರೈಮರಿ ಓಟು. ಆ ಗಡುವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಮುಂದಿನ ಅಧ್ಯಕ್ಷರ ಚುನಾವಣೆ 2028ರ ನವೆಂಬರ್ 7, ಮಂಗಳವಾರ. ಅದೇ ಮತಪತ್ರದಲ್ಲಿ ಪ್ರತಿನಿಧಿ ಸಭೆಯ ಸ್ಥಾನವೂ ಇರುತ್ತದೆ, ಹಲವು ರಾಜ್ಯಗಳಲ್ಲಿ ಸೆನೆಟ್ ಸ್ಥಾನವೂ. ನಿಮ್ಮ ಹಾಳೆಯ ಎರಡನೆಯ ಕಾಲಂ ಉದ್ದವಿದ್ದರೆ ಆ ಹೆಸರುಗಳನ್ನೂ ಅಷ್ಟೇ ಶ್ರದ್ಧೆಯಿಂದ ತೂಗಿ. ಮಿಶಿಗನ್‌ನಲ್ಲಿ ಒಂದೇ ಗುರುತಿನಿಂದ ಇಡೀ ಪಕ್ಷಕ್ಕೆ ಓಟು ಹಾಕುವ ಅನುಕೂಲವಿದೆ. ಆದರೆ ಆ ಗುರುತು ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು, ಶಾಲಾ ಮಂಡಳಿಯಂಥ ಪಕ್ಷರಹಿತ ಹುದ್ದೆಗಳಿಗೆ ಅನ್ವಯಿಸುವುದಿಲ್ಲ. ಅವಕ್ಕೆ ಒಂದೊಂದಾಗಿ ಗುರುತು ಹಾಕಬೇಕು, ಅದಕ್ಕೆ ಕಾಗದದ ಹಿಂಬದಿಯನ್ನೂ ನೋಡಿ.