ಹಳೆಯ ಮೊಬೈಲನ್ನು ಡ್ಯಾಶ್‌ಕ್ಯಾಮ್ ಮಾಡಿಕೊಂಡ ನನ್ನ ಅನುಭವ

ಕೊಡಗಿನ ತೋಟದ ರಸ್ತೆಗಳಲ್ಲಿ ಎರಡು ವಾಹನ ಉಜ್ಜಿಕೊಂಡರೆ ತಪ್ಪು ಯಾರದು ಎಂಬುದನ್ನು ಹೆಚ್ಚಾಗಿ ಗಂಟಲು ತೀರ್ಮಾನಿಸುತ್ತದೆ. ಒಂದೂವರೆ ವಾಹನದಷ್ಟು ಅಗಲದ ರಸ್ತೆ, ಎರಡೂ ಬದಿಗೆ ಬೇಲಿ, ಅದರಾಚೆ ಕಾಫಿ ಗಿಡ. ಸಾಕ್ಷಿ ಹೇಳಲು ಹತ್ತಿರದಲ್ಲಿ ಒಂದು ಚಹದಂಗಡಿಯೂ ಇರುವುದಿಲ್ಲ. ಅಮ್ಮತ್ತಿ ಕಡೆಯಿಂದ ಸಿದ್ದಾಪುರಕ್ಕೆ ಬರುವಾಗ ಪ್ರವಾಸಿಗರನ್ನು ತುಂಬಿಕೊಂಡಿದ್ದ ಬಾಡಿಗೆ ಗಾಡಿಯೊಂದು ನನ್ನ ಪಿಕಪ್ಪಿನ ಬಲಗನ್ನಡಿಯನ್ನು ಮುರಿದು ಹಾಕಿತು. ಸಾಲದ್ದಕ್ಕೆ ಅದರ ಚಾಲಕ ನನ್ನಿಂದಲೇ ದುಡ್ಡು ಕೇಳಿದ. ಗಾಡಿಗೊಂದು ಕ್ಯಾಮೆರಾ ಬೇಕು ಎಂದು ತೀರ್ಮಾನಿಸಿದ್ದು ಅಂದೇ. ಗಾಡಿ ಓಡುವಾಗ ಮುಂದಿನ ರಸ್ತೆಯನ್ನು ವೀಡಿಯೋ ತೆಗೆಯುತ್ತಲೇ ಇರುವ ಹೊಸ ಡ್ಯಾಶ್‌ಕ್ಯಾಮ್ ಕೊಳ್ಳುವ ಮೊದಲು ಬೀರುವಿನಲ್ಲಿದ್ದ, ಹಿಂಬದಿಯ ಗಾಜು ಬಿರುಕು ಬಿಟ್ಟ ಹಳೆಯ ಆಂಡ್ರಾಯ್ಡ್ ಮೊಬೈಲನ್ನೇ ಹಚ್ಚಿ ನೋಡೋಣ ಎನಿಸಿತು. ಈಗಲೂ ಅದೇ ಕೆಲಸ ಮಾಡುತ್ತಿದೆ.

ದಿನನಿತ್ಯ ಮಾತನಾಡುವ ಮೊಬೈಲನ್ನು ಇದಕ್ಕೆ ಬಳಸಬೇಡಿ. ಕರೆ ಬಂದಾಗ ಕೈ ಅತ್ತ ಹೋಗುತ್ತದೆ, ಇಳಿಯುವಾಗ ಕಿತ್ತುಕೊಳ್ಳಬೇಕಾಗುತ್ತದೆ, ಮರುದಿನ ಹಚ್ಚಲು ಮರೆಯುತ್ತದೆ. ಹಳೆಯ ಮೊಬೈಲಾದರೆ ಅದರೊಳಗಿನ ಫೋಟೋಗಳನ್ನೆಲ್ಲ ಬೇರೆಡೆಗೆ ಸಾಗಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ತೆಗೆದು, ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಸಾಕು. ಲೊಕೇಶನ್ ಮಾತ್ರ ಆನ್ ಇರಲಿ. ಜಿಪಿಎಸ್‌ಗೆ ಸಿಮ್ ಬೇಕಿಲ್ಲ. ಆದರೆ ನೆಟ್ ಇಲ್ಲದ ಮೊಬೈಲ್ ಉಪಗ್ರಹಗಳನ್ನು ಮೊದಲ ಸಲ ಹುಡುಕಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ದಟ್ಟ ಮರಗಳ ಕೆಳಗೆ ನಿಂತಿದ್ದರೆ ಇನ್ನೂ ಹೆಚ್ಚು. ಅದಕ್ಕೇ ನಾನು ಮನೆಯ ಮುಂದಿನ ಕಾಫಿ ಕಣದಲ್ಲಿ, ಆಕಾಶ ಕಾಣುವ ಜಾಗದಲ್ಲಿ ಮೊಬೈಲ್ ಚಾಲೂ ಮಾಡಿ, ಆಮೇಲೆ ಟಾರ್ಪಾಲು ಹಗ್ಗ ಬಿಗಿಯುವುದು ಇತ್ಯಾದಿ ನೋಡಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹೋಲ್ಡರ್. ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ದಾರಿ ನೋಡುವುದಕ್ಕೆ ಸರಿ, ವೀಡಿಯೋಗೆ ಅಲ್ಲ. ವಾಲ್ನೂರು ದಾಟುವಷ್ಟರಲ್ಲಿ ಅದು ತಲೆದೂಗತೊಡಗುತ್ತದೆ. ಡ್ಯಾಶ್‌ಬೋರ್ಡಿನ ತರಿತರಿ ಪ್ಲಾಸ್ಟಿಕ್ಕಿಗೆ ಸಕ್ಷನ್ ಕಪ್, ಅಂದರೆ ಒತ್ತಿದರೆ ಅಂಟಿಕೊಳ್ಳುವ ರಬ್ಬರ್ ಬಟ್ಟಲು, ಕಚ್ಚುವುದಿಲ್ಲ. ಉಳಿದದ್ದು ಮುಂದಿನ ಗಾಜು. ಹೋಲ್ಡರಿನ ಕೈ ಉದ್ದವಿದ್ದಷ್ಟೂ ನಡುಕ ಹೆಚ್ಚು, ಆದ್ದರಿಂದ ಅತ್ಯಂತ ಗಿಡ್ಡ ಕೈ ಇರುವುದನ್ನೇ ಆರಿಸಿದೆ. ಒಳಗನ್ನಡಿಯ ಹಿಂದೆ, ತುಸು ಎಡಕ್ಕೆ, ಮೊಬೈಲನ್ನು ಅಡ್ಡಲಾಗಿ ಕೂರಿಸಿದ್ದೇನೆ. ನನ್ನ ಸೀಟಿನಿಂದ ನೋಡಿದರೆ ಅದು ಕನ್ನಡಿಯ ಮರೆಯಲ್ಲೇ ಉಳಿಯುತ್ತದೆ, ರಸ್ತೆಯ ನೋಟಕ್ಕೆ ಅಡ್ಡ ಬರುವುದಿಲ್ಲ. ಮತ್ತೊಂದು ವಿಷಯವನ್ನು ಗಾಡಿಯ ಹೊರಗೆ ನಿಂತು ನೋಡಬೇಕು: ಲೆನ್ಸ್ ಇರುವ ಜಾಗವನ್ನು ವೈಪರ್ ಒರೆಸುತ್ತದೆಯೇ? ಗಾಜಿನ ಮೇಲ್ತುದಿಯಲ್ಲಿ ವೈಪರ್ ತಲುಪದ ತ್ರಿಕೋನವೊಂದು ಇರುತ್ತದೆ. ಅಲ್ಲಿ ಕೂರಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಳಿಯುವುದನ್ನು ಬಿಟ್ಟು ಬೇರೇನೂ ದಾಖಲಾಗುವುದಿಲ್ಲ.

ಸಕ್ಷನ್ ಕಪ್ ಬೀಳುವುದಂತೂ ಕೊಡಗಿನವರಿಗೆ ತಪ್ಪಿದ್ದಲ್ಲ. ಬೆಳಗಿನ ಥಂಡಿಗೆ ಗಾಜಿನ ಒಳಬದಿ ಬೆವರಿರುತ್ತದೆ, ರಬ್ಬರ್ ಸೆಡೆತಿರುತ್ತದೆ. ಗಾಜನ್ನು ಸ್ಪಿರಿಟ್ ಹಾಕಿ ಒರೆಸಿ, ಬಿಸಿಗಾಳಿಯನ್ನು ಗಾಜಿನ ಕಡೆ ತಿರುಗಿಸಿ ಎರಡು ನಿಮಿಷ ಬಿಟ್ಟು, ರಬ್ಬರನ್ನು ಬಿಸಿನೀರಲ್ಲಿ ತೊಳೆದು ಒರೆಸಿ ಒತ್ತಿದರೆ ವಾರಗಟ್ಟಲೆ ಅಲುಗಾಡುವುದಿಲ್ಲ. ಅದೂ ಸಾಲದೆಂದು ಹೋಲ್ಡರಿನ ಕುತ್ತಿಗೆಗೆ ಒಂದು ಗಟ್ಟಿ ದಾರ ಕಟ್ಟಿ ಕನ್ನಡಿಯ ಕಾಂಡಕ್ಕೆ ಗಂಟು ಹಾಕಿದ್ದೇನೆ. ಬಿದ್ದರೂ ನೇತಾಡುತ್ತದೆ, ಬ್ರೇಕಿನ ಪೆಡಲಿನ ಕೆಳಗೆ ಹೋಗಿ ಸೇರುವುದಿಲ್ಲ. ಘಾಟಿಯಲ್ಲಿ ಇಳಿಯುವಾಗ ಪೆಡಲಿನಡಿ ಮೊಬೈಲ್ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಊಹಿಸಿದ ಮೇಲೆ ಈ ದಾರ ನನಗೆ ಹೋಲ್ಡರಿಗಿಂತ ಮುಖ್ಯವಾಗಿದೆ.

ಇನ್ನು ಫೋಕಸ್. ಡ್ಯಾಶ್‌ಕ್ಯಾಮ್‌ಗೂ ಮೊಬೈಲಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲೇ ಇದೆ. ಸಾಮಾನ್ಯ ಡ್ಯಾಶ್‌ಕ್ಯಾಮ್‌ನ ಲೆನ್ಸನ್ನು ದೂರಕ್ಕೆ ಸ್ಥಿರವಾಗಿ ಕೂರಿಸಿರುತ್ತಾರೆ. ಮೊಬೈಲ್ ಕ್ಯಾಮೆರಾ ಹಾಗಲ್ಲ, ಎದುರಿಗೆ ಏನು ಬಂದರೂ ಅದನ್ನೇ ಸ್ಪಷ್ಟವಾಗಿ ತೋರಿಸಲು ಹವಣಿಸುತ್ತದೆ. ಮೊದಲ ಮಳೆಯ ದಿನದ ತುಣುಕನ್ನು ನಮ್ಮ ಪಿಕಪ್ ಓಡಿಸುವ ಹುಡುಗನಿಗೆ ತೋರಿಸಿದಾಗ ಅವನು ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ಇದರಲ್ಲಿ ರಸ್ತೆ ಎಲ್ಲಿದೆ?" ಎಂದ. ಗಾಜಿನ ಮೇಲಿನ ಒಂದೊಂದು ಹನಿಯೂ ಮುತ್ತಿನಂತೆ ಸ್ಪಷ್ಟ. ವೈಪರ್ ಬಂದಾಗ ಅದರ ರಬ್ಬರಿನ ಅಂಚಿನಲ್ಲಿದ್ದ ಸೀಳು ಕೂಡ ಕಾಣುತ್ತಿತ್ತು. ಅದರ ಹಿಂದೆ ಎಲ್ಲೋ ಮಸುಕು ಹಸಿರು, ಎರಡು ಹಳದಿ ಉಂಡೆ. ಎದುರಿನಿಂದ ಬಂದದ್ದು ಬಸ್ಸೋ ಜೀಪೋ ಹೇಳುವಂತಿರಲಿಲ್ಲ. ಮಂಜು ಕವಿದಾಗಲೂ ಇದೇ ಪಾಡು: ಹಿಡಿಯಲು ಒಂದು ಗೆರೆಯೂ ಸಿಗದೆ ಕ್ಯಾಮೆರಾ ಹಿಂದೆ ಮುಂದೆ ತಡಕಾಡುತ್ತದೆ, ಅಷ್ಟರಲ್ಲಿ ವಾಹನ ದಾಟಿ ಹೋಗಿರುತ್ತದೆ.

ಪರಿಹಾರ ಸುಲಭ. ಫೋಕಸನ್ನು ಅನಂತ ದೂರಕ್ಕೆ ಕಟ್ಟಿಹಾಕಲು ಬಿಡುವ ಆ್ಯಪ್‌ ಹುಡುಕಿಕೊಳ್ಳಬೇಕು. ಡ್ಯಾಶ್‌ಕ್ಯಾಮ್ ಆ್ಯಪ್‌ಗಳಲ್ಲಿ ಬಹಳಷ್ಟು ಉಚಿತವಾಗಿಯೇ ಸಿಗುತ್ತವೆ. ಸೆಟ್ಟಿಂಗ್‌ನಲ್ಲಿ ಇನ್ಫಿನಿಟಿ ಫೋಕಸ್ ಇದೆಯೇ ಎಂಬುದನ್ನೇ ನಾನು ಮೊದಲು ನೋಡುವುದು, ಉಳಿದ ಅಲಂಕಾರಗಳೆಲ್ಲ ಆಮೇಲೆ. ಫೋಕಸ್ ಕಟ್ಟಿದ ಮೇಲೆ ಗಾಜಿನ ಹನಿಗಳು ಕರಗಿದಂತಾಗಿ ಹಿಂದಿನ ರಸ್ತೆ ಕಾಣತೊಡಗುತ್ತದೆ. ಬೆಳಕಿನ ಹೊಂದಾಣಿಕೆಯನ್ನು ಮಾತ್ರ ಕಟ್ಟಬಾರದು. ನಮ್ಮ ರಸ್ತೆ ಸಿಲ್ವರ್ ಮರಗಳ ಕತ್ತಲೆಯಿಂದ ಥಟ್ಟನೆ ಗದ್ದೆ ಬಯಲಿನ ಬೆಳಕಿಗೆ ಬೀಳುತ್ತದೆ, ಮತ್ತೆ ತೋಟದೊಳಗೆ ನುಗ್ಗುತ್ತದೆ. ಅದನ್ನು ಕ್ಯಾಮೆರಾದ ವಿವೇಚನೆಗೇ ಬಿಡಬೇಕು. ಆಕಾಶ ಹೆಚ್ಚು ಕಂಡರೆ ಅದು ರಸ್ತೆಯನ್ನು ಕಪ್ಪು ಮಾಡಿಬಿಡುತ್ತದೆ. ಆದ್ದರಿಂದ ಮೊಬೈಲನ್ನು ಒಂದಿಷ್ಟು ಕೆಳಗೆ ಬಾಗಿಸಿ, ಬಾನೆಟ್ಟಿನ ಒಂದು ಪಟ್ಟಿ ಚೌಕಟ್ಟಿನೊಳಗೆ ಇರುವಂತೆ ಮಾಡಿದ್ದೇನೆ. ಡ್ಯಾಶ್‌ಬೋರ್ಡಿನ ಮೇಲೆ ಕರಿಯ ಬಟ್ಟೆಯ ತುಂಡು ಹಾಸಿದ ಮೇಲೆ ಗಾಜಿನಲ್ಲಿ ಬೀಳುತ್ತಿದ್ದ ಪ್ರತಿಫಲನವೂ ನಿಂತಿತು. ಅಲ್ಲಿ ರಸೀದಿ, ಗುಲಗಂಜಿ, ದೇವರ ಪ್ರಸಾದ ಎಲ್ಲ ಇಡುವ ಅಭ್ಯಾಸವಿದ್ದವರು ಅದನ್ನೂ ಬಿಡಬೇಕಾಗುತ್ತದೆ.

ಹೆಚ್ಚು ಅಗಲದ ನೋಟ ಹಿಡಿಯುವ ಅಲ್ಟ್ರಾವೈಡ್ ಲೆನ್ಸ್ ಬಳಸಬೇಕೇ? ತಿರುವಿನ ಎರಡೂ ಬದಿ ಕಾಣುತ್ತದೆ ಎಂಬ ಆಸೆ ನನಗೂ ಇತ್ತು. ಆದರೆ ಅದರಲ್ಲಿ ಮುಂದಿನ ವಾಹನ ಬೆಂಕಿಪೆಟ್ಟಿಗೆಯಷ್ಟಾಗುತ್ತದೆ, ನಂಬರ್ ಪ್ಲೇಟ್ ಓದಲು ಬರುವುದಿಲ್ಲ. ಕಡಿಮೆ ಬೆಳಕಿನಲ್ಲಿ ಬಹುತೇಕ ಮೊಬೈಲುಗಳ ಅಲ್ಟ್ರಾವೈಡ್ ಸೋಲುತ್ತದೆ. ಮುಖ್ಯ ಕ್ಯಾಮೆರಾದಲ್ಲಾದರೆ ಹಗಲಿನಲ್ಲಿ ಮೂರು ನಾಲ್ಕು ಕಾರಿನಷ್ಟು ದೂರದಿಂದಲೂ ಕೊಡಗಿನ ಗಾಡಿಗಳ ಕೆಎ 12 ಎಂಬುದರ ಮುಂದಿನ ಅಂಕಿಗಳನ್ನು ಓದಬಹುದು. ಚಿತ್ರದ ನಡುಕ ಸರಿಪಡಿಸುವ ಡಿಜಿಟಲ್ ಸ್ಟೆಬಿಲೈಸೇಶನ್ ಆಫ್ ಮಾಡಿದ್ದೇನೆ. ಅದು ಚಿತ್ರದ ಅಂಚುಗಳನ್ನು ಕತ್ತರಿಸುತ್ತದೆ.

ಎಷ್ಟು ಜಾಗ ಬೇಕು ಎನ್ನುವುದು ಬರಿಯ ಲೆಕ್ಕ. 1080 ಪಿಕ್ಸೆಲ್, ಸೆಕೆಂಡಿಗೆ 30 ಚಿತ್ರ, ವೀಡಿಯೋವನ್ನು ಹಿಂಡಿ ಉಳಿಸುವ ಹಳೆಯ ಎಚ್.264 ಪದ್ಧತಿಯಲ್ಲಿ ನಿಮಿಷಕ್ಕೆ ಸುಮಾರು 130 ಎಂಬಿ. ಹೊಸ ಎಚ್‌ಇವಿಸಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ, 60ರ ಆಸುಪಾಸು. 40 ಜಿಬಿ ಖಾಲಿ ಇದ್ದರೆ ಮೊದಲನೆಯದರಲ್ಲಿ ಐದು ಗಂಟೆ, ಎರಡನೆಯದರಲ್ಲಿ ಹನ್ನೊಂದು ಗಂಟೆ. ಜಾಗ ತುಂಬಿದಾಗ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಬರೆಯುವಂತೆ, ಮೂರು ಮೂರು ನಿಮಿಷದ ತುಂಡುಗಳಾಗಿ ಇಟ್ಟಿದ್ದೇನೆ. ತುಂಡು ಚಿಕ್ಕದಿದ್ದರೆ ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಬ್ಯಾಟರಿ ಉಳಿಸುವ ನೆಪದಲ್ಲಿ ಆಂಡ್ರಾಯ್ಡ್ ತಾನಾಗಿಯೇ ಆ್ಯಪ್‌ ನಿಲ್ಲಿಸಿಬಿಡುತ್ತದೆ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ಬೇಡ ಎಂದು ಸೆಟ್ಟಿಂಗ್‌ನಲ್ಲಿ ಹೇಳಿಡಬೇಕು.

ಕೊಡಗು ತಂಪು ಊರು, ಮೊಬೈಲ್ ಬಿಸಿಯಾಗುವುದಿಲ್ಲ ಎಂದು ಹೇಳುವವರು ಮಾರ್ಚ್ ತಿಂಗಳಲ್ಲಿ, ರೋಬಸ್ಟಾ ಕಾಫಿಯ ಕುಯ್ಲು ಮುಗಿದು, ಗಿಡ ಹೂಬಿಡಿಸುವ ಹೂಮಳೆಗೆ ಕಾಯುವ ಹೊತ್ತಿನಲ್ಲಿ, ಕಾಫಿ ಸಂಸ್ಕರಿಸುವ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್ ಮುಂದೆ ಲೋಡ್ ಇಳಿಸಲು ಸಾಲಿನಲ್ಲಿ ನಿಂತು ನೋಡಬೇಕು. ನೇರ ಬಿಸಿಲಿಗೆ ಮುಖ ಮಾಡಿದ ಮೊಬೈಲ್, ಅತ್ತ ಚಾರ್ಜ್ ಆಗುತ್ತಾ ಇತ್ತ ವೀಡಿಯೋ ತೆಗೆಯುತ್ತಾ ಇದ್ದರೆ ಕೈ ಸುಡುವಷ್ಟಾಗುತ್ತದೆ. ಆಮೇಲೆ ತಾನೇ ರೆಕಾರ್ಡಿಂಗ್ ನಿಲ್ಲಿಸುತ್ತದೆ. ತನ್ನ ಐಫೋನನ್ನು 35 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬಳಸಬೇಡಿ, 45 ಡಿಗ್ರಿ ಮೀರುವಲ್ಲಿ ಇಡಲೇಬೇಡಿ ಎನ್ನುತ್ತದೆ ಆ್ಯಪಲ್. ಮುಚ್ಚಿದ ಗಾಡಿಯ ಗಾಜಿನ ಹಿಂದೆ ಆ ಮಿತಿ ಮೀರಲು ಹೆಚ್ಚು ಹೊತ್ತು ಬೇಡ. ಕವಚ ತೆಗೆದಿದ್ದೇನೆ, ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿದ್ದೇನೆ, ಎಸಿ ಇರುವ ಕಾರಿನಲ್ಲಾದರೆ ಗಾಳಿಯನ್ನು ಗಾಜಿಗೆ ತಿರುಗಿಸುತ್ತೇನೆ. ಗಾಡಿ ನಿಲ್ಲಿಸಿ ಇಳಿದರೆ ಮೊಬೈಲನ್ನು ಗ್ಲೌ ಬಾಕ್ಸಿನೊಳಗೆ ಹಾಕುತ್ತೇನೆ. ಹಿಂಬದಿ ಉಬ್ಬಿದ ಮೊಬೈಲನ್ನು ಮಾತ್ರ ಯಾರೂ ಇದಕ್ಕೆ ಬಳಸಬಾರದು. ಅದು ಊದಿದ ಲಿಥಿಯಂ ಬ್ಯಾಟರಿ, ಹೊತ್ತಿಕೊಳ್ಳಬಹುದು. ನಿಲ್ಲಿಸಿದ ಗಾಡಿಯ ಕಾವಲಿಗೂ ಕ್ಯಾಮೆರಾ ಬೇಕೆನ್ನುವವರು ಮೊಬೈಲಿನ ಆಸೆ ಬಿಟ್ಟು ಬ್ಯಾಟರಿಯ ಬದಲು ಬಿಸಿ ತಡೆಯುವ ಕೆಪಾಸಿಟರ್ ಇರುವ ನಿಜವಾದ ಡ್ಯಾಶ್‌ಕ್ಯಾಮ್ ಕೊಳ್ಳುವುದೇ ಒಳ್ಳೆಯದು.

ರಾತ್ರಿಯ ವೀಡಿಯೋ ಬಗ್ಗೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ನಂಬರ್ ಪ್ಲೇಟ್ ನಮ್ಮ ಹೆಡ್‌ಲೈಟಿಗೆ ಹೊಳೆದು ಬಿಳಿಯ ಚೌಕವಾಗಿಬಿಡುತ್ತದೆ. ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು, ಅಂದರೆ ಎಕ್ಸ್‌ಪೋಶರನ್ನು, ಒಂದು ಹಂತ ಇಳಿಸಿದರೆ ಅಷ್ಟಿಷ್ಟು ಸುಧಾರಿಸುತ್ತದೆ. ಅದಕ್ಕಿಂತ ಉಪಯುಕ್ತವಾದದ್ದು ಬಾಯಿ: ಏನಾದರೂ ಆದ ಕೂಡಲೇ ಎದುರಿನ ವಾಹನದ ನಂಬರನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ, ಮೈಕ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಧ್ವನಿ ಆನ್ ಇರುವುದರಿಂದ ಜೊತೆಯಲ್ಲಿ ಕುಳಿತವರಿಗೆ ಮೊದಲೇ ಹೇಳುತ್ತೇನೆ. ಮೆಣಸಿನ ದರ, ಪಾಲಿನ ಜಗಳ, ನೆಂಟರ ಗುಟ್ಟು ಎಲ್ಲ ಅದರೊಳಗೆ ಸೇರುತ್ತದಲ್ಲ.

ಆನೆಗಳ ವಿಷಯದಲ್ಲಿ ಇದು ನಾನು ಎಣಿಸದೇ ಇದ್ದ ಉಪಕಾರ ಮಾಡಿದೆ. ಮೀನುಕೊಲ್ಲಿ ಕಾಡಿನ ಅಂಚಿನಲ್ಲಾಗಲಿ, ತಿತಿಮತಿ ಕಡೆಯಾಗಲಿ, ಸಂಜೆಯ ಮೇಲೆ ಕಾಡಾನೆ ರಸ್ತೆ ದಾಟುವುದು ನಮಗೇನೂ ಹೊಸದಲ್ಲ. ಹಲಸು ಹಣ್ಣಾಗುವ ಕಾಲದಲ್ಲಂತೂ ತೋಟದಲ್ಲೇ ಬೀಡು. ಗಾಡಿ ದೂರದಲ್ಲಿ ನಿಲ್ಲಿಸಿ, ದೀಪ ತಗ್ಗಿಸಿ, ಹಾರ್ನ್ ಹೊಡೆಯದೆ ಸುಮ್ಮನಿರುವಾಗ ಕೈಯಲ್ಲಿ ಮೊಬೈಲ್ ಹಿಡಿದು ವೀಡಿಯೋ ಮಾಡುವ ಚಪಲ ಬೇಡ. ಗಾಜಿನ ಮೇಲಿನದು ತನ್ನ ಪಾಡಿಗೆ ತೆಗೆಯುತ್ತಿರುತ್ತದೆ. ಒಮ್ಮೆ ಹೆಣ್ಣಾನೆಯೊಂದು ಮರಿಯನ್ನು ಬೇಲಿಯ ಸಂದಿಯಿಂದ ದಾಟಿಸಿ, ತಾನು ರಸ್ತೆಯ ನಡುವೆ ನಿಂತು, ಹಿಂದಿನವು ಬರುವವರೆಗೆ ಕದಲಲಿಲ್ಲ. ನನಗೆ ಆಗ ಕಂಡದ್ದು ಕಿವಿಯೂ ಕಾಲೂ ಅಷ್ಟೇ. ಎಷ್ಟು ಆನೆ, ಯಾವ ಬೇಲಿಯಿಂದ ಯಾವ ತೋಟಕ್ಕೆ ಎಂಬುದನ್ನು ಮನೆಗೆ ಬಂದು ವೀಡಿಯೋ ನೋಡಿ, ಮೂಲೆಯಲ್ಲಿ ಅಚ್ಚಾಗಿದ್ದ ಸಮಯ ಮತ್ತು ಜಿಪಿಎಸ್ ಅಂಕಿಗಳ ಸಮೇತ ಅರಣ್ಯ ಇಲಾಖೆಯವರಿಗೆ ತಿಳಿಸಿದೆ. ಮರುದಿನ ಬೆಳಿಗ್ಗೆ ಆ ತೋಟದ ಲೈನ್ ಮನೆಗಳಲ್ಲಿರುವ ಕೂಲಿಕಾರರು ಕೆಲಸಕ್ಕೆ ಇಳಿಯಲಿಲ್ಲ.

ಕಾನೂನಿನ ಮಾತು ಎಲ್ಲರೂ ಕೇಳುತ್ತಾರೆ. ಗಾಡಿ ಓಡಿಸುವಾಗ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದನ್ನು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. 2020ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮ ದಾರಿ ನೋಡಿಕೊಳ್ಳಲು ಮಾತ್ರ ಅದನ್ನು ಬಳಸಬಹುದು, ಅದೂ ಗಮನ ತಪ್ಪದಂತೆ ಎನ್ನುತ್ತದೆ. ಹಾಗಾಗಿ ಹೊರಡುವ ಮೊದಲು ರೆಕಾರ್ಡಿಂಗ್ ಒತ್ತಿದ ಮೇಲೆ ನಾನು ಅದನ್ನು ಮುಟ್ಟುವುದಿಲ್ಲ.

ಅಪಘಾತವೇ ಆದರೆ ಆ ತುಣುಕನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ಸಾಕ್ಷಿ ಸಿಕ್ಕಿತು ಎಂದುಕೊಳ್ಳಬೇಡಿ. ಅದು ವೀಡಿಯೋವನ್ನು ಹಿಂಡಿ ಕಿರಿದು ಮಾಡುತ್ತದೆ, ಮೂಲ ಮಾಹಿತಿ ಉಳಿಯುವುದಿಲ್ಲ. ಆ ತುಂಡು ಅಳಿಯದಂತೆ ಲಾಕ್ ಮಾಡಿ, ಕೇಬಲ್ಲಿನಲ್ಲೇ ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಬೆರಳಚ್ಚಿನಂಥ ಗುರುತನ್ನೂ, ಬರೆಯಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಮೌಲ್ಯ ಬದಲಾಗುತ್ತದೆ, ಆದ್ದರಿಂದ ಮೂಲವನ್ನು ಕತ್ತರಿಸುವುದು, ಅದರ ಮೇಲೆ ಬಾಣ ಗುರುತು ಹಾಕುವುದು ಯಾವುದೂ ಬೇಡ. ಮೊಬೈಲನ್ನೂ ಹಾಗೇ ಎತ್ತಿಡಬೇಕು, ಮೂಲ ಸಾಧನವನ್ನೇ ಕೇಳಬಹುದು.

ಬೈಕಿಗೂ ಹೀಗೆ ಕಟ್ಟಬಹುದೇ ಎಂದು ತೋಟಕ್ಕೆ ಬರುವ ಹುಡುಗರು ಕೇಳುತ್ತಾರೆ. ಬೇಡ. ಕ್ಯಾಮೆರಾದೊಳಗೆ ನಡುಕ ತಡೆಯಲೆಂದೇ ತೇಲುವ ಲೆನ್ಸ್ ಇರುವ ಮೊಬೈಲುಗಳನ್ನು ದೊಡ್ಡ ಎಂಜಿನ್ನಿನ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದರೆ ಆ ಕಂಪನಕ್ಕೆ ಕ್ಯಾಮೆರಾ ಹಾಳಾಗಬಹುದು ಎಂದು ಆ್ಯಪಲ್ 2021ರಲ್ಲಿ ತನ್ನ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತ್ತು. ನನ್ನ ಹಳೆಯ ಮೊಬೈಲಿನಲ್ಲಿ ಅಂಥ ಲೆನ್ಸ್ ಇಲ್ಲ. ಪಿಕಪ್ಪಿನ ಕುಲುಕಾಟಕ್ಕೆ ಅದು ತಡೆದುಕೊಂಡಿರುವುದಕ್ಕೆ ಅದೂ ಒಂದು ಕಾರಣವಿರಬೇಕು.