ಎಥನಾಲ್‌ನಲ್ಲಿ ಉಳಿದ ನೀರು ತೆಗೆಯೋದು: ನನ್ನ ಅನುಭವ

ಎಥನಾಲ್‌ನಿಂದ ಕೊನೆಯ ನೀರು ತೆಗೆಯೋದಕ್ಕೆ ಸೋಡಿಯಂ ಹಾಕಬೇಕು ಅಂತ ಲ್ಯಾಬಿಗೆ ಹೊಸದಾಗಿ ಬಂದವರು ಅಂದುಕೊಂಡಿರುತ್ತಾರೆ. ಬೇಕಿಲ್ಲ. ಪೀಣ್ಯದ ನಮ್ಮ ಲ್ಯಾಬ್‌ನಲ್ಲಿ ನಾನು ಬಳಸೋದು 3ಎ ಮಾಲಿಕ್ಯುಲರ್ ಸೀವ್ (ಅತಿ ಸಣ್ಣ ರಂಧ್ರಗಳಲ್ಲಿ ನೀರು ಹಿಡಿದಿಟ್ಟುಕೊಳ್ಳೋ ಗುಂಡುಗಳು), ಅಷ್ಟೇ.

ಬರೀ ಬಟ್ಟಿ ಇಳಿಸಿದರೆ ಎಥನಾಲ್ ತೂಕದಲ್ಲಿ ಸುಮಾರು 95.6%ಗೆ ಬಂದು ನಿಂತುಬಿಡುತ್ತೆ. ಅಲ್ಲಿಂದಾಚೆಗೆ ನೀರೂ ಎಥನಾಲೂ ದ್ರವದಲ್ಲಿರೋ ಅದೇ ಪ್ರಮಾಣದಲ್ಲಿ ಆವಿಯಾಗುತ್ತವೆ. ಪುಸ್ತಕದಲ್ಲಿರೋ 78 ಡಿಗ್ರಿ ಕುದಿಯೋ ಬಿಂದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ ಅಲ್ವಾ, ಇಲ್ಲಿ ಎರಡು ಮೂರು ಡಿಗ್ರಿ ಕಡಿಮೆಗೇ ಕುದಿಯುತ್ತೆ, ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕ್ಯಾಲ್ಸಿಯಂ ಕ್ಲೋರೈಡ್ ಇದಕ್ಕೆ ಆಗಲ್ಲ, ಅದು ಆಲ್ಕೋಹಾಲ್ ಜೊತೆಗೇ ಸೇರಿಕೊಳ್ಳುತ್ತೆ. ಬೆಂಜೀನ್ ಸೇರಿಸಿ ಬಟ್ಟಿ ಇಳಿಸೋ ಹಳೇ ವಿಧಾನವೂ ಬೇಡ, ಅದು ಕ್ಯಾನ್ಸರ್ ತರೋ ವಸ್ತು.

3ಎ ಸೀವ್‌ನ ರಂಧ್ರ ಸುಮಾರು 3 ಆಂಗ್‌ಸ್ಟ್ರಾಮ್ (ಅಣುಗಳ ಗಾತ್ರ ಅಳೆಯೋ ಅತಿ ಸಣ್ಣ ಅಳತೆ). ನೀರಿನ ಅಣು ಒಳಗೆ ಹೋಗುತ್ತೆ, ಎಥನಾಲ್ ಹೋಗಲ್ಲ. ಆದರೆ ಡಬ್ಬಿಯಿಂದ ತೆಗೆದು ಹಾಗೇ ಸುರಿದರೆ ಪ್ರಯೋಜನ ಕಡಿಮೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ ಸೀವ್ ಗಾಳಿಯಲ್ಲಿರೋ ನೀರನ್ನೇ ಕುಡಿದು ತುಂಬಿಕೊಂಡಿರುತ್ತೆ. ಕೆಲಸದ ಮುಕ್ಕಾಲು ಪಾಲು ಇರೋದು ಸೀವ್ ಒಣಗಿಸೋದರಲ್ಲೇ. ಮಫಲ್ ಫರ್ನೇಸ್‌ನಲ್ಲಿ (ತುಂಬಾ ಬಿಸಿಯಾಗೋ ಲ್ಯಾಬ್ ಕುಲುಮೆ) 300 ಡಿಗ್ರಿಗೆ ರಾತ್ರಿಯಿಡೀ ಇಡ್ತೀನಿ, ಮಾಮೂಲಿ ಗಾಜಿನ ಪಾತ್ರೆ ಒಣಗಿಸೋ ಓವನ್ನಿನ ಬಿಸಿ ಸಾಕಾಗಲ್ಲ. ಡೆಸಿಕೇಟರ್‌ನಲ್ಲಿ (ಗಾಳಿಯ ತೇವ ತಾಗದ ಮುಚ್ಚಿದ ಪಾತ್ರೆ) ಪೂರ್ತಿ ಆರಿದ ಮೇಲೆ ನಾಲ್ಕು ಗುಂಡನ್ನು ಗ್ಲೌಸ್ ಹಾಕಿದ ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಡ್ತೀನಿ. ಚೆನ್ನಾಗಿ ಒಣಗಿದ್ದರೆ ತಕ್ಷಣ ಬಿಸಿ ತಾಗುತ್ತೆ. ಬೆಚ್ಚಗಾಗದಿದ್ದರೆ ಮತ್ತೆ ಫರ್ನೇಸ್‌ಗೆ.

ಎಷ್ಟು ಹಾಕಬೇಕು? ಒಂದು ಲೀಟರ್ 95.6% ಎಥನಾಲ್‌ನಲ್ಲಿ ಸುಮಾರು 35 ಗ್ರಾಂ ನೀರಿರುತ್ತೆ. ಸೀವ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರು ಹಿಡಿಯಬಹುದು, ಅದೂ ಪೂರ್ತಿ ತುಂಬಿದಾಗ. ಅದಕ್ಕೇ ಒಂದೇ ಸಲ ಹಾಕಿ ಬಿಡಲ್ಲ. ಮೊದಲು 200 ಗ್ರಾಂ, ಒಂದೆರಡು ದಿನ ಬಿಟ್ಟು ಎಥನಾಲನ್ನು ಬೇರೆ ಒಣ ಬಾಟಲಿಗೆ ಬಗ್ಗಿಸಿ ಹೊಸದಾಗಿ ಒಣಗಿಸಿದ 200 ಗ್ರಾಂ. ಜೋರಾಗಿ ಕಲಕಬೇಡಿ, ಗುಂಡು ಸವೆದು ಪುಡಿ ಏಳುತ್ತೆ. ಸುಮ್ನೆ ಬಿಡಿ. ಎರಡನೇ ಸಲ ನಾಲ್ಕೈದು ದಿನವಾದರೂ ಬೇಕು, ಇಲ್ಲಿ ಅವಸರ ಮಾಡಿದರೆ ಹಿಂದಿನ ಕೆಲಸವೆಲ್ಲ ದಂಡ.

ಒಣಗಿದೆಯಾ ಅಂತ ನೋಡೋದಕ್ಕೆ ನೀರು ತಾಗಿದರೆ ನೀಲಿಯಾಗೋ ಬಿಳಿ ಕಾಪರ್ ಸಲ್ಫೇಟ್ ನಂಬಬೇಡಿ, ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಲೆಕ್ಕದ ನೀರನ್ನು ಅದು ತೋರಿಸಲ್ಲ. ನೀರಿನ ಪ್ರಮಾಣ ಅಳೆಯೋ ಕಾರ್ಲ್ ಫಿಷರ್ ಟೈಟ್ರೇಷನ್ನೇ ಮಾಡಿ.

ಬಳಸಿದ ಸೀವ್ ಎಸೆಯಬೇಕಿಲ್ಲ, ಮತ್ತೆ ಒಣಗಿಸಿಕೊಳ್ಳಬಹುದು. ಆದರೆ ಎಥನಾಲ್ ಒದ್ದೆ ಇರುವಾಗಲೇ ಫರ್ನೇಸ್‌ಗೆ ಇಡಲೇಬೇಡಿ, ಬೆಂಕಿ ಹತ್ತುತ್ತೆ. ಫ್ಯೂಮ್‌ಹುಡ್‌ನಲ್ಲಿ (ಆವಿ ಹೊರಗೆಳೆಯೋ ಲ್ಯಾಬ್ ಕಪಾಟು) ಹರಡಿ, ವಾಸನೆ ಪೂರ್ತಿ ಹೋಗಲಿ, ನೀರಿನಲ್ಲಿ ತೊಳೆದು, ಗಾಳಿಗೆ ಒಣಗಿಸಿ ಆಮೇಲೆ ಇಡಿ.